ಮೊದಲು ನೀರು

ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಹತ್ತು ನಲವತ್ತಕ್ಕೆ ಇಂಧನಕೋಶ ಪ್ರಯೋಗಾಲಯದ ಮುಖ್ಯಸ್ಥೆ ಠಾಣೆಗೆ ಬಂದು ದೂರು ಕೊಟ್ಟರು. ಬೀರುವಿನಲ್ಲಿದ್ದ ನಲವತ್ತು ಗ್ರಾಂ ಕಪ್ಪು ಪುಡಿ ಕಳುವಾಗಿದೆ. ಅದೇ ಸೀಸೆಯಲ್ಲಿ ಯಾರೋ ಬರೀ ಇಂಗಾಲದ ಪುಡಿ ತುಂಬಿಟ್ಟಿದ್ದಾರೆ.

"ಎರಡೂ ಕಪ್ಪೇ ಅಲ್ವಾ ಮೇಡಂ? ಗೊತ್ತಾಗಿದ್ದು ಹೇಗೆ?" ಇನ್‌ಸ್ಪೆಕ್ಟರ್ ಕೇಳಿದರು.

"ನಮ್ಮ ಪುಡಿಯಲ್ಲಿ ಇಂಗಾಲದ ಮೇಲೆ ಪ್ಲಾಟಿನಂ-ನಿಕ್ಕಲ್ ಮಿಶ್ರಲೋಹದ ಕಣಗಳಿರ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಗಾಳಿಯಲ್ಲಿರೋ ಆಮ್ಲಜನಕ ಕೋಶದೊಳಗೆ ನೀರಾಗಿ ಕರೆಂಟ್ ಬರ್ಬೇಕಾದ್ರೆ ಅವು ಬೇಕೇ ಬೇಕು. ಇವತ್ತು ಬಸ್ ತಯಾರಿಸೋರ ಮುಂದೆ ಪರೀಕ್ಷೆ ಇತ್ತು. ಕರೆಂಟೇ ಬರ್ಲಿಲ್ಲ. ಆಮೇಲೆ ಪುಡಿ ಸುಟ್ಟು ನೋಡಿದ್ವಿ. ಲೋಹ ಉಳೀಬೇಕಿತ್ತು, ಏನೂ ಉಳೀಲಿಲ್ಲ."

"ಯಾರ ಮೇಲಾದ್ರೂ ಅನುಮಾನ?"

ಮೇಡಂ ಬಳೆ ತಿರುವುತ್ತಾ ಕುಳಿತರು. "ನನ್ನ ಸಂಶೋಧನಾ ವಿದ್ಯಾರ್ಥಿನಿ. ಒಂದು ಕೀ ಅವಳ ಹತ್ರ ಇದೆ. ಬೇರೆ ಕಂಪನಿಗೆ ಅರ್ಜಿ ಹಾಕಿದ್ದಾಳಂತೆ. ನನಗೊಂದು ಮಾತೂ ಹೇಳ್ಲಿಲ್ಲ."

ಎಫ್‌ಐಆರ್ ದಾಖಲಾಯಿತು. ಹನ್ನೊಂದೂವರೆಗೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಸ್ಥಳಕ್ಕೆ ಹೋದರು. ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ 'ಪಂಚನಾಮೆ ಪಂಡಿತ' ಎಂದೇ ಅಡ್ಡಹೆಸರು. ಕಳುವಾದ ಸೈಕಲ್ ಬಗ್ಗೆ ಬರೆಯಲು ಹೇಳಿದರೆ ಗಂಟೆಯ ತುಕ್ಕನ್ನೂ ಬಿಡದೆ ಬರೆಯುವ ಆಸಾಮಿ.

ಬೀರುವಿನ ಬೀಗ ಒಡೆದಿರಲಿಲ್ಲ. ಕೀಗಳು ಎರಡು: ಒಂದು ವಿದ್ಯಾರ್ಥಿನಿಯದು, ಇನ್ನೊಂದು ಹದಿನೆಂಟು ವರ್ಷದಿಂದ ಅಲ್ಲಿರುವ ತಂತ್ರಜ್ಞರದು. ಅವರನ್ನು ಮೇಡಂ ಒಬ್ಬರನ್ನು ಬಿಟ್ಟು ಎಲ್ಲರೂ 'ಮಾಮ' ಎನ್ನುತ್ತಿದ್ದರು. ತಕ್ಕಡಿಯ ಮೇಲಿನ ಗೋಡೆಗೆ ಅವರದೇ ಅಕ್ಷರದ ಚೀಟಿ ಅಂಟಿತ್ತು: ಮೊದಲು ನೀರು, ಆಮೇಲೆ ಆಲ್ಕೋಹಾಲ್.

"ಇದೇನ್ರೀ?" ಪಂಡಿತರು ಕೇಳಿದರು.

ಮಾಮ ಬಲಗೈ ಚಾಚಿದರು. ಮಣಿಕಟ್ಟಿನಿಂದ ಬೆರಳಿನವರೆಗೆ ಸುಟ್ಟ ಕಲೆ. "ಒಣಗಿದ ಪುಡಿಗೆ ನೇರ ಆಲ್ಕೋಹಾಲ್ ಬಿದ್ರೆ ಪ್ಲಾಟಿನಂ ಕಿಡಿ ಹೊತ್ತಿಸುತ್ತೆ ಸಾರ್. ನೀರು ಹಾಕಿ ನೆನೆಸಿ ಆಮೇಲೆ ಕಲಸ್ಬೇಕು. ಸೇರಿದ ಹೊಸದ್ರಲ್ಲಿ ಒಂದ್ಸಲ ಮರ್ತೆ. ಅದೇ ಕೊನೆ."

ಪಂಡಿತರು ಅದನ್ನೂ ಬರೆದುಕೊಂಡರು.

ಆಮೇಲೆ ಇನ್‌ಸ್ಪೆಕ್ಟರ್ ವಿದ್ಯಾರ್ಥಿನಿಯನ್ನು ಕರೆದರು. ಮುಂದಿನ ವಾರ ಅವಳ ಪ್ರಬಂಧ ಸಲ್ಲಿಕೆ. ಹೆಸರು ಈ ಪ್ರಕರಣಕ್ಕೆ ಅಂಟಿಕೊಂಡರೆ ಐದು ವರ್ಷದ ಓದು ನೀರುಪಾಲು.

"ಅರ್ಜಿ ಹಾಕಿದ್ದು ನಿಜಾನಾ?"

"ನಿಜ ಸಾರ್. ಓದು ಮುಗಿದ ಮೇಲೆ ಕೆಲಸ ಬೇಡ್ವಾ? ಪುಡಿ ನಾನು ಮುಟ್ಟಿಲ್ಲ." ಅವಳು ತಿರುಗಿದಳು. "ಮಾಮ, ನೀವಾದ್ರೂ ಹೇಳಿ. ನಾನು ಅಂಥವಳಾ?"

ಮಾಮ ತಕ್ಕಡಿಯ ಗಾಜು ಒರೆಸುತ್ತಲೇ ಇದ್ದರು. ಅದು ಆಗಲೇ ಫಳಫಳ ಹೊಳೆಯುತ್ತಿತ್ತು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಹುಡುಗಿ ಆಗ ಅತ್ತುಬಿಟ್ಟಳು.

ಏಳನೇ ತಾರೀಕು, ಗುರುವಾರದ ಪರೀಕ್ಷೆಯಲ್ಲಿ ಪುಡಿ ಸರಿಯಿತ್ತು. ಎಂಟರಂದು, ಶುಕ್ರವಾರ, ಮಾಮ ಸೋಮವಾರದ ಕೋಶಕ್ಕೆ ಬಳಿಯಲು ಅದೇ ಸೀಸೆಯ ಪುಡಿಯನ್ನು ನೀರು, ಆಲ್ಕೋಹಾಲ್ ಸೇರಿಸಿ ಶಾಯಿಯಂತೆ ಕಲಸಿದ್ದರು. ತಕ್ಕಡಿಯ ಎದುರಿನ ಕ್ಯಾಮೆರಾದಲ್ಲಿ ಅದೆಲ್ಲ ದಾಖಲಾಗಿತ್ತು. ಬೀರು ಮಾತ್ರ ಕಾಣುತ್ತಿರಲಿಲ್ಲ. ಮಧ್ಯಾಹ್ನ ಠಾಣೆಯಲ್ಲಿ ಪಂಡಿತರು ಮೂರು ಸಲ ನೋಡಿ, ಕೈಯ ಒಂದೊಂದು ಚಲನೆಯನ್ನೂ ಸಮಯ ಸಮೇತ ಬರೆದರು. ಇನ್‌ಸ್ಪೆಕ್ಟರ್‌ಗೆ ಆಕಳಿಕೆ.

"ಸಾರ್, ಇಲ್ಲೇನೋ ಎಡವಟ್ಟಾಗಿದೆ. ಹತ್ತು ಹನ್ನೆರಡಕ್ಕೆ ಪುಡಿ ತೂಗಿದ್ರು. ಹತ್ತು ಹದಿಮೂರಕ್ಕೆ ಆಲ್ಕೋಹಾಲ್ ಸುರಿದ್ರು. ನೀರು ಹಾಕಿದ್ದು ಹತ್ತು ಹದಿನಾಲ್ಕಕ್ಕೆ."

ಇನ್‌ಸ್ಪೆಕ್ಟರ್ ನೆಟ್ಟಗೆ ಕುಳಿತರು.

ಮಂಗಳವಾರ ಒಂಬತ್ತೂವರೆಗೆ ಮಾಮನನ್ನು ಕರೆಸಿದರು.

"ಶುಕ್ರವಾರ ಮೊದಲು ನೀರು ಯಾಕೆ ಹಾಕ್ಲಿಲ್ಲ?"

"ಮರೆತಿರ್ಬೇಕು."

"ಮರೆತ್ರೆ ಕಿಡಿ ಹಾರುತ್ತೆ ಅಂದ್ರಿ. ಹಾರ್ಲಿಲ್ಲವಲ್ಲ?"

ಇನ್‌ಸ್ಪೆಕ್ಟರ್ ಪಂಡಿತರ ಟಿಪ್ಪಣಿಯನ್ನು ಅವರ ಮುಂದೆ ತಳ್ಳಿದರು.

"ಹಾರಲ್ಲ ಅಂತ ನಿಮಗೊಬ್ಬರಿಗೇ ಗೊತ್ತಿತ್ತು."

ಮಾಮ ತಮ್ಮ ಬಲಗೈಯನ್ನೇ ನೋಡುತ್ತಾ ಕುಳಿತರು. ಕೊನೆಗೆ, "ಬರೀ ಇಂಗಾಲಕ್ಕೆ ಯಾರು ಹೆದರ್ತಾರೆ ಸಾರ್? ಕೈ ತನ್ನ ಪಾಡಿಗೆ ತಾನು ಸುರೀತು" ಎಂದರು.

ಹನ್ನೊಂದು ಗಂಟೆಗೆ ಅವರ ಮನೆಯ ಶೋಧ. ಅಡುಗೆಮನೆಯ ಅಟ್ಟದಿಂದ ಗಾಜಿನ ಬಾಟಲಿಯನ್ನು ಅವರೇ ತೆಗೆದುಕೊಟ್ಟರು. ಪುಡಿಯೆಲ್ಲ ನೀರಿನಲ್ಲಿ ಮುಳುಗಿತ್ತು. "ಮನೇಲಿ ಹೆಂಡತಿ ಓಡಾಡ್ತಿರ್ತಾಳೆ, ಒಣಗಿಸಿ ಇಡೋಕಾಗುತ್ತಾ" ಎಂದರು. ಬಾಟಲಿಗೆ ಪ್ರಯೋಗಾಲಯದ್ದೇ ಚೀಟಿ: ತಾರೀಕು, ತೂಕ, ತಯಾರಿಸಿದವರು.

ಮಾರುವ ಯೋಚನೆ ಅವರಿಗೆ ಇರಲೇ ಇಲ್ಲ. ಎರಡು ವರ್ಷದ ಹಿಂದೆ ಅವರು ಇಂಥದೇ ಪುಡಿಯನ್ನು ಆಮ್ಲದಲ್ಲಿ ನೆನೆಹಾಕಿ ಎರಡು ದಿನ ಮರೆತಿದ್ದರು. ಹೊರಮೈಯ ನಿಕ್ಕಲ್ ಕರಗಿ ಪ್ಲಾಟಿನಂನ ತೆಳು ಪದರ ಉಳಿದಿತ್ತು, ಕರೆಂಟು ನಾಲ್ಕು ಪಟ್ಟಾಗಿತ್ತು. ಮರೆವನ್ನು ಮುಚ್ಚಿಡದೆ ಮೇಡಂಗೆ ಹೇಳಿದ್ದರು. "ಅಣ್ಣಾ, ಪೇಟೆಂಟ್‌ನಲ್ಲಿ ನಿಮ್ಮ ಹೆಸರೂ ಇರುತ್ತೆ" ಎಂದಿದ್ದರು ಮೇಡಂ. ಫೆಬ್ರವರಿಯಲ್ಲಿ ಪೇಟೆಂಟ್ ಬಂತು. ಅದರಲ್ಲಿದ್ದದ್ದು ಮೇಡಂ ಮತ್ತು ವಿದ್ಯಾರ್ಥಿನಿಯ ಹೆಸರುಗಳು ಮಾತ್ರ. ಬಸ್ ತಯಾರಿಸುವವರ ಮುಂದೆ ಒಂದೇ ಒಂದು ಸಲ ಮೇಡಂ ಪರೀಕ್ಷೆ ಸೋಲಲಿ ಎಂದು ಮಾಮ ಹೀಗೆ ಮಾಡಿದ್ದರು.

ಬಂಧಿಸಿ ಠಾಣೆಗೆ ಕರೆತಂದಾಗ ಬೆಂಚಿನ ಮೇಲೆ ವಿದ್ಯಾರ್ಥಿನಿಯೂ ಮೇಡಂ ಕೂಡ ಕುಳಿತಿದ್ದರು, ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು. ಮೇಡಂ "ಅಣ್ಣಾ" ಎಂದು ಅರ್ಧ ಎದ್ದು, ಮತ್ತೆ ಕುಳಿತರು. ಹುಡುಗಿ ಎದ್ದು ನಿಂತಳು.

"ಹೆಸರು ಬಿಟ್ಟಿದ್ದು ನನಗೂ ಗೊತ್ತಿತ್ತು, ಸುಮ್ನಿದ್ದೆ. ತಪ್ಪು ನಂದೂ ಇದೆ. ಆದ್ರೆ ನಿನ್ನೆ ಎಲ್ಲರೂ ನನ್ನ ಕಡೆ ಬೆರಳು ತೋರಿಸ್ತಿರೋವಾಗ ನೀವು ಗಾಜು ಒರೆಸ್ತಾ ನಿಂತ್ರಲ್ಲ ಮಾಮ."



ಪಂಡಿತರು ಜಪ್ತಿ ಪಂಚನಾಮೆ ಮುಗಿಸಿದ್ದರು. ಬಾಟಲಿಯ ಚೀಟಿಯಲ್ಲಿದ್ದುದನ್ನು ಎಂದಿನಂತೆ ಒಂದಕ್ಷರ ಬಿಡದೆ ಇಳಿಸಿದ್ದರು. 'ತಯಾರಿಸಿದವರು' ಎಂಬಲ್ಲಿ ಮಾಮ ಗುಂಡಗೆ ತಮ್ಮ ಪೂರ್ತಿ ಹೆಸರು ಬರೆದಿದ್ದರು. ಆ ಪುಡಿಯ ಪಕ್ಕದಲ್ಲಿ ಅವರ ಹೆಸರಿದ್ದ ಮೊದಲ ಸರ್ಕಾರಿ ಕಾಗದ ಅದು. ಆರೋಪಿಯ ಜಾಗದಲ್ಲೂ ಅದೇ ಹೆಸರಿತ್ತು. ಮಾಮ ಎರಡನ್ನೂ ಓದಿ ನೋಡಿ ರುಜು ಹಾಕಿದರು.