ಐವತ್ತೆರಡು ಕಿಲೋ

"ನಿನ್ನೆ ನೀವು ಬರ್ಲಿಲ್ಲ," ಎಂದ ಅವನು ಜಿಮ್ಮಿನ ಬಾಗಿಲಲ್ಲಿ. ಪರಿಚಯವಿಲ್ಲ, ನಮಸ್ಕಾರವಿಲ್ಲ.

ಅವಳಿಗೆ ಮೈಯೆಲ್ಲಾ ಉರಿಯಿತು. "ನಾನು ಬರದಿದ್ರೆ ನಿಮಗೇನು?"

"ನಾನೂ ಎತ್ತೋ ಹಾಗಿಲ್ಲ. ಇಲ್ಲಿನ ನಿಯಮ ಅದು. ನೀವು ಹೆಸರು ಕೊಟ್ಟ ದಿನಾನೇ ಮೇಡಂ ನಮ್ಮಿಬ್ಬರನ್ನ ಜೊತೆ ಮಾಡಿದಾರೆ."

ಟೈರ್ ಅಂಗಡಿಯ ಮೇಲಿನ ಆ ಜಿಮ್ ನಡೆಸುತ್ತಿದ್ದವರು ನಿವೃತ್ತ ಪಿ.ಟಿ. ಮೇಡಂ. ಎತ್ತುವವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಜೊತೆಗಾರರು ಅಂಕಿ ಕಾಣದ ಹಾಗೆ ರಾಡಿಗೆ ಪ್ಲೇಟ್ ಹಾಕಬೇಕು, ಎತ್ತಿದ ಮೇಲೆ ಕಾರ್ಡಿನಲ್ಲಿ ತೂಕ ಬರೆಯಬೇಕು. ಅಂಕಿ ಕಂಡರೆ ಕೈಗಿಂತ ಮೊದಲು ಮನಸ್ಸು ಸುಸ್ತಾಗುತ್ತದೆ ಎನ್ನುವುದು ಮೇಡಂ ವಾದ.

ಒಬ್ಬಳೇ ಇರೋಣ ಅಂತ ಬಂದರೆ ಇದೆಂಥ ಗಂಟು ಬಿತ್ತಪ್ಪಾ... ಎಂದುಕೊಂಡಳು ಅವಳು.

"ನಿಮ್ಮ ಗುರಿ ಬರೀಬೇಕು," ಎಂದು ಅವನು ಪೆನ್ಸಿಲ್ ಹಿಡಿದು ನಿಂತ.

"ಐವತ್ತೆರಡು ಕಿಲೋ. ಎತ್ತಿದ ದಿನ ಇಲ್ಲಿಂದ ಹೋಗ್ತೀನಿ."

"ಐವತ್ತೆರಡೇ ಯಾಕೆ?"

"ಅಪ್ಪನ ತೂಕ."

ಅವನು ಮುಂದೆ ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ. ಒಂದು ವರ್ಷದ ಹಿಂದೆ ಅಪ್ಪ ಬಚ್ಚಲಲ್ಲಿ ಬಿದ್ದಾಗ ಅವಳಿಗೆ ಎತ್ತಲಾಗಿರಲಿಲ್ಲ. ಪಕ್ಕದ ಮನೆಯವರು ಬರುವವರೆಗೆ ನಲವತ್ತು ನಿಮಿಷ, ಒದ್ದೆ ನೆಲದಲ್ಲಿ ಅಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ನಿನಗೆ ಭಾರ ಆಗ್ತೀನಲ್ಲಮ್ಮಾ," ಎಂದಿದ್ದರು ಅಪ್ಪ. ಅದೇ ತಿಂಗಳು ಹೋಗಿಬಿಟ್ಟರು. ಬಿದ್ದದ್ದರಿಂದಲ್ಲ, ಹೃದಯದ ತೊಂದರೆ ಎಂದರು ಡಾಕ್ಟರು. ಅವಳ ಕೈಗಳು ಮಾತ್ರ ಅದನ್ನು ಒಪ್ಪಲೇ ಇಲ್ಲ.

ಇದಕ್ಕೂ ಮೊದಲು ಎರಡು ಜಿಮ್ ಸೇರಿ, ಎರಡನ್ನೂ ಹತ್ತೇ ದಿನಕ್ಕೆ ಬಿಟ್ಟಿದ್ದಳು. ಇಲ್ಲಿ ಬಿಡಲಾಗಲಿಲ್ಲ. ಬೆಳಿಗ್ಗೆ ಆರಕ್ಕೆ ಹಾಸಿಗೆ ಬಿಡಲು ಮನಸ್ಸಾಗದಿದ್ದಾಗಲೆಲ್ಲ, ಪೇಟೆಯಲ್ಲಿ ಕನ್ನಡಕದಂಗಡಿ ಇಟ್ಟಿದ್ದ ಆ ಜೊತೆಗಾರ ಕೈಕಟ್ಟಿ ಬಾಗಿಲಲ್ಲಿ ನಿಂತಿರುತ್ತಾನೆ ಎನ್ನುವುದು ನೆನಪಾಗುತ್ತಿತ್ತು. ಬೈದುಕೊಂಡೇ ಎದ್ದು ಹೊರಡುತ್ತಿದ್ದಳು.

ಅವಳದು ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ, ಅದೂ ಮನೆಯಲ್ಲೇ ಕೂತು. ಮನೆಯಲ್ಲಿ ಎರಡು ಕುರ್ಚಿ. ಅಪ್ಪನದರ ಮೇಲೆ ಈಗ ಮಡಿಸದ ಬಟ್ಟೆ. ಎಷ್ಟೋ ದಿನ ಅವಳ ಬಾಯಿಂದ ಬರುವ ಮೊದಲ ಮಾತು "ಎತ್ತಲಾ?", ಕೊನೆಯ ಮಾತು "ಬರ್ತೀನಿ". ಎರಡೂ ಅವನಿಗೇ.

ತಿಂಗಳುಗಳು ಉರುಳಿದವು. ಕಾರ್ಡಿನ ಅಂಕಿ ಇಪ್ಪತ್ತರಿಂದ ನಲವತ್ತಾರಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು.

"ಮತ್ತೆ ನಲವತ್ತಾರೇನಾ?"

"ಹ್ಞೂಂ... ನಲವತ್ತಾರು." ಬರೆಯುವಾಗ ಅವನು ತಲೆ ಎತ್ತುತ್ತಿರಲಿಲ್ಲ.

ಹೀಗೇ ಏಳು ವಾರ ಕಳೆಯಿತು. ನನ್ನ ಕೈಲಿ ಆಗೋದೇ ಇಷ್ಟು, ಅಪ್ಪ... ಎಂದು ಅವಳು ಸೋತುಹೋಗಿದ್ದಳು.

ಒಂದು ದಿನ ಅವನಿಗೆ ಜ್ವರ ಬಂತು. ಅವನ ಬದಲು ಮೇಡಮ್ಮೇ ಕಾರ್ಡ್ ನೋಡಿ ಪ್ಲೇಟ್ ಹಾಕಿದರು. ರಾಡ್ ಖಾಲಿ ಬಕೆಟ್ಟಿನಷ್ಟು ಸಲೀಸಾಗಿ ಮೇಲೆ ಬಂತು.

"ನಲವತ್ತಾರು ಸರಿಯಾಗಿ ಹಾಕಿದ್ದೀರಾ ಮೇಡಂ?"

"ಮೂವತ್ತು ವರ್ಷದಿಂದ ಹಾಕ್ತಿದೀನಿ ಕಣೇ." ಮೇಡಂ ಅವಳನ್ನೂ ಕಾರ್ಡನ್ನೂ ನೋಡಿದರು. "ನೀನು ಇದನ್ನ ದಾಟಿ ಎಷ್ಟೋ ದಿನ ಆಗಿದೆ. ಬರೆದವನನ್ನೇ ಕೇಳು."

ಊರಿನವರ ತಪ್ಪನ್ನೆಲ್ಲ ಹಿಡಿಯುವವಳಿಗೆ ತನ್ನ ಕಾರ್ಡಿನ ತಪ್ಪೇ ಕಂಡಿರಲಿಲ್ಲ.

ಸಂಜೆ ಅವಳು ಸೀದಾ ಅವನ ಅಂಗಡಿಗೆ ಹೋದಳು. ಜ್ವರದಲ್ಲೂ ಅವನು ಕೂತು ಗಾಜು ಒರೆಸುತ್ತಿದ್ದ.

"ನಿಜವಾಗಿ ಎಷ್ಟು ಎತ್ತಿದೀನಿ ನಾನು?"

ಅವನ ಕೈ ನಿಂತಿತು. "ಹೋದ ಮಂಗಳವಾರ... ಐವತ್ತೆರಡು."

ಹೋದ ಮಂಗಳವಾರ ಏನಾಗಿತ್ತು? ಏನೂ ಇಲ್ಲ. ಎತ್ತಿದ್ದಳು, ಇಳಿಸಿದ್ದಳು, ನೀರು ಕುಡಿದು ಮನೆಗೆ ಹೋಗಿದ್ದಳು.

"ಅದು ನಾನು ನಮ್ಮಪ್ಪನ್ನ ಎತ್ತೋ ದಿನ," ಎಂದಳು. "ನನಗೇ ಗೊತ್ತಾಗದ ಹಾಗೆ ಮುಗಿಸಿಬಿಟ್ರಲ್ಲ..."

"ತಪ್ಪು ನಂದೇ. ಐವತ್ತೆರಡು ಅಂತ ಬರೆದ್ರೆ ಮಾರನೇ ದಿನ ನೀವು ಬರಲ್ಲ ಅಂತ ಗೊತ್ತಿತ್ತು. ಪ್ಲೇಟ್ ಕಮ್ಮಿ ಹಾಕಿ ನಿಮ್ಮನ್ನ ಹಿಂದೆ ಉಳಿಸೋಕೂ ಮನಸ್ಸು ಬರ್ಲಿಲ್ಲ. ಅದಕ್ಕೇ ಬರೆಯೋದ್ರಲ್ಲಿ ಮಾತ್ರ ಸುಳ್ಳು ಹೇಳಿದೆ." ಅವನು ತಲೆ ತಗ್ಗಿಸಿದ. "ದಿನಕ್ಕೊಂದು ಸಲ ನನಗೆ 'ಬರ್ತೀನಿ' ಅನ್ನೋರು ನೀವೊಬ್ರೇ."

ಅವಳು ಅಂಗಡಿಯ ಮೆಟ್ಟಿಲಿಳಿದು ಹೊರಟುಹೋದಳು.

ನಾಲ್ಕು ದಿನ ಜಿಮ್ಮಿನ ಕಡೆ ತಲೆ ಹಾಕಲಿಲ್ಲ. ನಾಲ್ಕೂ ದಿನ ಆರಕ್ಕೇ ಎಚ್ಚರವಾಯಿತು. ಮನೆಯಲ್ಲಿ ಒಂದು ಮಾತೂ ಹುಟ್ಟಲಿಲ್ಲ. ನಾನು ಹೋಗದಿದ್ರೆ ಅವನೂ ಎತ್ತೋ ಹಾಗಿಲ್ಲ... ಎತ್ತದೇ ಇರಲಿ, ನನಗೇನು? ಹಾಗೆ ಅಂದುಕೊಂಡಷ್ಟೂ ಆ ಮನೆ ಇನ್ನೂ ದೊಡ್ಡದಾಗುತ್ತಾ ಹೋಯಿತು.

ಐದನೇ ದಿನ ಮೆಟ್ಟಿಲು ಹತ್ತಿದಳು. ಅವನು ಬಾಗಿಲಲ್ಲೇ ಇದ್ದ.

"ದಿನಾ ಬಂದು ಗೋಡೆ ನೋಡ್ಕೊಂಡು ಹೋಗ್ತಾನೆ," ಎಂದರು ಮೇಡಂ. "ಬೇರೆ ಜೊತೆ ಕೊಡ್ತೀನಿ ಅಂದ್ರೂ ಒಲ್ಲೆ ಅಂತಾನೆ."

ಅವಳು ನೇರ ರಾಡಿನ ಮುಂದೆ ನಿಂತಳು. "ಐವತ್ತೆರಡು ಹಾಕಿ. ಇವತ್ತು ನಾನು ಗೋಡೆ ಕಡೆ ತಿರುಗಲ್ಲ."

ಅವನು ಅಂಕಿಗಳು ಕಾಣುವ ಹಾಗೆ ಒಂದೊಂದೇ ಪ್ಲೇಟ್ ಹಾಕಿದ, ಒಂದೊಂದರ ತೂಕವನ್ನೂ ಬಾಯಿಬಿಟ್ಟು ಹೇಳಿದ.

ಅವಳು ಬಗ್ಗಿದಳು. ಒದ್ದೆ ನೆಲ, ತೊಡೆಯ ಮೇಲಿನ ತಲೆ, ನಲವತ್ತು ನಿಮಿಷ... ಎಲ್ಲವೂ ಕೈಗೆ ಬಂದವು. "ಏಳಪ್ಪಾ," ಎಂದಳು ಮೆಲ್ಲಗೆ. ಎದ್ದು ನಿಂತಳು. ಕಣ್ಣೀರು ಗಲ್ಲಕ್ಕೆ ಇಳಿಯುವವರೆಗೂ ಹಾಗೇ ಹಿಡಿದಿದ್ದಳು. ಆಮೇಲೆ ಅಪ್ಪನನ್ನು ಹಾಸಿಗೆಯಲ್ಲಿ ಮಲಗಿಸುವ ಹಾಗೆ ಸದ್ದಿಲ್ಲದೆ ಕೆಳಗಿಟ್ಟಳು.

ಅವನು ಪೆನ್ನಿನಲ್ಲಿ ಐವತ್ತೆರಡು ಎಂದು ಬರೆದು ಕಾರ್ಡನ್ನು ಅವಳ ಕೈಗೇ ಕೊಟ್ಟ. "ಹೋಗ್ತೀರಾ?" ಎಂದು ಕೇಳಿದ.

ಅವಳು ಮುಖ ಒರೆಸಿಕೊಂಡಳು. "ನಿಮ್ಮ ತೂಕ ಎಷ್ಟು?"

"ನಂದಾ? ಎಪ್ಪತ್ನಾಲ್ಕು. ಯಾಕೆ?"

"ಹೊಸ ಗುರಿ ಬರ್ಕೊಳ್ಳಿ. ಎಪ್ಪತ್ನಾಲ್ಕು."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪೆನ್ನು ಕೈಜಾರಿತು.

"ಅಷ್ಟರಲ್ಲಿ ನಾನು ಇನ್ನೂ ದಪ್ಪ ಆದ್ರೆ?"

"ಆಗಿ," ಎಂದಳು ಅವಳು. "ನಾನೇನು ಎಲ್ಲಿಗೂ ಹೋಗ್ತಿಲ್ಲ."