ಅಭ್ಯಾಸದ ತರಗತಿಯ ಒಬ್ಬನೇ ವಿದ್ಯಾರ್ಥಿ

ಒಂದು ತರಗತಿಯ ಅಂಕಗಳನ್ನು ಕೈಯಲ್ಲಿ ಕೂಡಿಸಿ ಬರೆದು ಮುಗಿಸಲು ಏನೇನು ಖರ್ಚಾಗುತ್ತದೆ ಎನ್ನುವುದು ವಿಜ್ಞಾನದ ಮಿಸ್‌ಗೆ ಬಾಯಿಪಾಠವಾಗಿತ್ತು. ಎರಡು ಕೆಂಪು ಪೆನ್ನು, ಒಂದು ಇಡೀ ಭಾನುವಾರ, ಫ್ಲಾಸ್ಕಿನ ತುಂಬ ಟೀ, ಕೊನೆಗೆ ಅಮ್ಮನ ಜೊತೆ ಒಂದು ಜಗಳ. "ಯಾರದೋ ಮಕ್ಕಳ ಲೆಕ್ಕ ಮಾಡ್ತಾ ಮಾಡ್ತಾ ನಿನ್ನ ಲೆಕ್ಕಾನೇ ಮರೆತೆ ಕಣೇ" ಎಂದು ಅಮ್ಮ ಅನ್ನಬೇಕು, ಅವಳು ಧಡಾರನೆ ಬಾಗಿಲು ಹಾಕಿಕೊಳ್ಳಬೇಕು. ಆಗಲೇ ಆ ತಿಂಗಳ ಅಂಕಪಟ್ಟಿ ಮುಗಿದ ಹಾಗೆ.

ಹಾಗಾಗಿ ಶಾಲೆಯವರು ಆನ್‌ಲೈನ್ ಗ್ರೇಡ್‌ಬುಕ್ ತರಿಸಿದಾಗ ಅವಳು ಖುಷಿಪಡಬೇಕಿತ್ತು. ಪಡಲಿಲ್ಲ. ಹಳೇ ಚಪ್ಪಲಿ ಕಚ್ಚಿದರೂ ಎಲ್ಲಿ ಕಚ್ಚುತ್ತದೆ ಎಂದಾದರೂ ಗೊತ್ತಿರುತ್ತದೆ. ಹೊಸದನ್ನು ನಂಬೋದು ಹೇಗೆ?

ಅದನ್ನು ಎಲ್ಲರಿಗೂ ಕಲಿಸುವ ಕೆಲಸ ಬಿದ್ದದ್ದು ಲೆಕ್ಕದ ಮೇಷ್ಟ್ರ ಮೇಲೆ. ಅವರು ಖಾಯಂ ಅಲ್ಲ. ಹೆರಿಗೆ ರಜೆಯಲ್ಲಿದ್ದ ಟೀಚರ್ ವಾಪಸ್ ಬರುವವರೆಗೆ ಮಾತ್ರ ಬಂದವರು. ನಲವತ್ತರ ಹತ್ತಿರದ ವಯಸ್ಸು, ಒಂಟಿ ಮನುಷ್ಯ, ತೋಳಿನ ಅಂಚಿಗೆ ಸದಾ ಚಾಕ್‌ಪುಡಿ. ಕನ್ನಡಕವನ್ನು ಹಣೆಗೇರಿಸಿಕೊಂಡು ಟೇಬಲ್ ಮೇಲೆಲ್ಲ ಹುಡುಕುತ್ತಿದ್ದರು.

"ತಲೆ ಮೇಲಿದೆ ಸರ್" ಎಂದಳು ಅವಳು. ಕಂಪ್ಯೂಟರ್ ರೂಮಿನಲ್ಲಿ ಅವರ ಜೊತೆ ಆಡಿದ ಮೊದಲ ಮಾತು ಅದು. ಎರಡನೆಯದಕ್ಕೇ ಜಗಳ ಬಿತ್ತು.

"ಪರೀಕ್ಷೆಗೆ ಬರದೇ ಇದ್ದವನಿಗೆ ಸೊನ್ನೆ ಹಾಕಿದ್ದೀನಿ. ಮುಂದಕ್ಕೆ ಹೇಳಿ."

"ಸೊನ್ನೆ ಬೇಡ ಮಿಸ್. ಖಾಲಿ ಬಿಡಿ."

"ಬರದೇ ಇದ್ದವನಿಗೆ ಸೊನ್ನೆ ಕೊಡದೆ ಹಾರ ಹಾಕ್ಲಾ?"

ರೂಮೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು, ಆದರೆ ಅವಳ ಮೇಲಲ್ಲ. ಅವಳ ಮಾತು ನಿಜಕ್ಕೂ ಚೆನ್ನಾಗಿತ್ತು ಎನ್ನುವ ಹಾಗೆ. "ಸೊನ್ನೆ ಅಂದ್ರೆ ಬರೆದ, ಏನೂ ಬರಲಿಲ್ಲ ಅಂತ. ಖಾಲಿ ಅಂದ್ರೆ ಇನ್ನೂ ಬರೆದಿಲ್ಲ ಅಂತ ಅಷ್ಟೇ. ಸೊನ್ನೆ ಹಾಕಿಬಿಟ್ರೆ ಸರಾಸರಿ ಪಾತಾಳಕ್ಕೆ ಹೋಗುತ್ತೆ, ಹುಡುಗನ ಮನಸ್ಸೂ ಅದರ ಹಿಂದೇನೇ ಹೋಗುತ್ತೆ."

ಅವಳು ಸೊನ್ನೆಯನ್ನು ಟಪ್ಪನೆ ಅಳಿಸಿದಳು. ಇನ್ನೊಬ್ಬರ ಮಾತು ಸರಿಯೆನಿಸಿದರೆ ಅವಳಿಗೆ ಸಿಟ್ಟು ಬರುತ್ತದೆ.

"ಸರಿ, ಒಬ್ಬ ಸುಳ್ಳು ವಿದ್ಯಾರ್ಥೀನ ಮಾಡ್ಕೊಳ್ಳೋಣ. ಅವನ ಮೇಲೆ ಕೈ ಪಳಗಿಸಿ. ತಪ್ಪಾದ್ರೆ ಯಾರ ಮಗುವಿಗೂ ನಷ್ಟ ಇಲ್ಲ" ಎಂದು ಮೇಷ್ಟ್ರು 'ಅಭ್ಯಾಸದ ತರಗತಿ' ಎಂದೊಂದು ಹೊಸ ತರಗತಿ ತೆರೆದರು. "ಹೆಸರು ಏನು ಹಾಕೋಣ?"

"ಸುಮ್ನೆ ಏನೋ ಒಂದು ಹಾಕಿ."

ಅವರು 'ಸುಮ್ನೆ' ಎಂದೇ ಟೈಪ್ ಮಾಡಿದರು. "ಪೋಷಕರ ಫೋನ್ ನಂಬರ್ ಇಲ್ಲದೆ ಮುಂದಕ್ಕೆ ಬಿಡ್ತಿಲ್ಲ. ಯಾವುದಾದ್ರೂ ಹೇಳಿ."

ಅವಳಿಗೆ ಬಾಯಿಗೆ ಬರುತ್ತಿದ್ದದ್ದು ಒಂದೇ ನಂಬರ್, ಅಮ್ಮನದು. ಹೇಳಿದಳು. ಅಷ್ಟು ಹೊತ್ತಿಗೆ ಬೆಲ್ ಆಯಿತು, ಇಬ್ಬರೂ ಅದನ್ನು ಮರೆತರು.

ಮನೆಗೆ ಹೋಗಿ ಅಮ್ಮನ ಮುಂದೆ ಕಿಡಿ ಕಾರಿದಳು. "ಖಾಲಿ ಬೇರೆಯಂತೆ, ಸೊನ್ನೆ ಬೇರೆಯಂತೆ! ದೊಡ್ಡ ತತ್ವಜ್ಞಾನಿ."

"ಹೇಳಿದ್ದು ಸರಿಯಾಗೇ ಇದೆಯಲ್ಲೇ" ಎಂದರು ಅಮ್ಮ, ತಟ್ಟೆ ಒರೆಸುತ್ತ.

*

ಅವಳ ಮನಸ್ಸು ತಿರುಗಿದ್ದು ಕೊನೆ ಬೆಂಚಿನ ಒಬ್ಬಳು ಹುಡುಗಿಯಿಂದ. ಆ ಹುಡುಗಿ ಒಂದು ವಾರ ಚೆನ್ನಾಗಿ ಬರೆಯುತ್ತಿದ್ದಳು, ಇನ್ನೊಂದು ವಾರ ನೆಲಕಚ್ಚುತ್ತಿದ್ದಳು. ವಿಜ್ಞಾನದ ಮಿಸ್ ಅವಳ ಕ್ಲಾಸ್ ಟೀಚರ್. "ಸೋಮಾರಿ, ಮನಸ್ಸು ಬಂದ್ರೆ ಓದ್ತಾಳೆ" ಎಂದು ಷರಾ ಬರೆದು ಕೈತೊಳೆದುಕೊಂಡಿದ್ದಳು.

ಒಂದು ಮಧ್ಯಾಹ್ನ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ತಮ್ಮ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು. "ಮಿಸ್, ಒಂದು ನಿಮಿಷ. ನನಗೆ ಅರ್ಥ ಆಗ್ತಿಲ್ಲ, ನೀವೇ ಹೇಳಿ."

ಎಲ್ಲ ವಿಷಯಗಳ ಕಿರುಪರೀಕ್ಷೆಗಳನ್ನು ಅವರು ಎರಡು ಗುಂಪು ಮಾಡಿ ಗ್ರಾಫ್ ಎಳೆದಿದ್ದರು. ಪ್ರಶ್ನೆಗಳನ್ನು ಅಚ್ಚು ಹಾಕಿ ಕೊಟ್ಟವು ಒಂದು ಕಡೆ, ಬೋರ್ಡ್ ಮೇಲೆ ಬರೆದವು ಇನ್ನೊಂದು ಕಡೆ. ಅಚ್ಚಿನದರಲ್ಲೆಲ್ಲ ಹುಡುಗಿಯ ಗೆರೆ ಮೇಲೆ, ಬೋರ್ಡಿನದರಲ್ಲೆಲ್ಲ ಕೆಳಗೆ. ಲೆಕ್ಕವಿರಲಿ, ಭಾಷೆಯಿರಲಿ, ವಿಜ್ಞಾನವಿರಲಿ, ಎಲ್ಲದರಲ್ಲೂ ಅದೇ ಕಥೆ.

ಅವಳು ನೋಡಿದಳು. ಬೆರಳಿಟ್ಟು ಒಂದೊಂದೇ ಗೆರೆಯನ್ನು ಮತ್ತೆ ನೋಡಿದಳು. "ಅವಳಿಗೆ ಬೋರ್ಡ್ ಕಾಣ್ತಿಲ್ಲ."

"ನನಗೂ ಹಾಗೇ ಅನ್ನಿಸ್ತು. ಆದ್ರೆ ಮಗು ನಿಮ್ಮದು, ನಿಮ್ಮ ಬಾಯಿಂದ ಬರಲಿ ಅಂತ ಕಾದೆ."

ಹುಡುಗಿಗೆ ಕನ್ನಡಕ ಬಂತು. ಮೊದಲ ದಿನ ಕಿಟಕಿಯಿಂದ ಆಚೆ ನೋಡಿ, "ಮಿಸ್, ಆ ಮರಕ್ಕೆ ಬಿಡಿಬಿಡಿ ಎಲೆ ಇದೆ!" ಎಂದು ಕೂಗಿದಳು. ವಿಜ್ಞಾನದ ಮಿಸ್ ಹಳೇ ಷರಾ ಅಳಿಸಿ ಹೊಸದು ಬರೆದಳು. ಆ ಸಂಜೆ ಮೆಟ್ಟಿಲಿಳಿಯುವಾಗ ಮೇಷ್ಟ್ರು ಮುಂದೆ ಹೋಗುತ್ತಿದ್ದರು, ಕನ್ನಡಕ ಮತ್ತೆ ಹಣೆಯ ಮೇಲೆ. ಆ ಮನುಷ್ಯ ಕನ್ನಡಕ ಇಲ್ಲದೆಯೂ ಎಷ್ಟು ದೂರ ನೋಡುತ್ತಾರೆ ಎಂದು ಯೋಚಿಸುತ್ತ ಹಿಂದೆಯೇ ನಡೆದಳು.

ಎಲ್ಲರೂ ಗ್ರೇಡ್‌ಬುಕ್ಕಿನಲ್ಲಿ ಅಂಕ ನೋಡುತ್ತಿದ್ದರು. ಮೇಷ್ಟ್ರು ಮಕ್ಕಳನ್ನು ನೋಡುತ್ತಿದ್ದರು. ಒಬ್ಬ ತುಂಟನ ಬಗ್ಗೆ ಅವರ ಷರಾ ಹೀಗಿತ್ತು: "ಬೆರಳು ಮಡಿಸಿ ಕೂಡುತ್ತಾನೆ. ನಾಚಿಕೊಂಡು ಬೆಂಚಿನ ಕೆಳಗೆ ಮಡಿಸುತ್ತಾನೆ. ಮೇಲೇ ಮಡಿಸಲಿ, ಉತ್ತರ ಸರಿ ಇದೆ." ಅವಳು ಇಂಥ ಷರಾಗಳನ್ನು ಪತ್ರಿಕೆ ಓದುವ ಹಾಗೆ ದಿನಾ ಬೆಳಿಗ್ಗೆ ಓದತೊಡಗಿದಳು.

*

ಅಭ್ಯಾಸದ ತರಗತಿಗೆ ಅವಳು ಮತ್ತೆ ಹೋದದ್ದು ನಿಜವಾಗಿ ಅಭ್ಯಾಸಕ್ಕೇ. ಸುಮ್ನೆಗೆ ವಿಜ್ಞಾನದಲ್ಲಿ ಹತ್ತಕ್ಕೆ ಒಂಬತ್ತೂವರೆ ಕೊಟ್ಟು ಬರೆದಳು: "ಇವತ್ತಿನವರೆಗೆ ಒಂದು ಬೀಕರ್ ಕೂಡ ಒಡೆದಿಲ್ಲ. ಕೈಗಳೇ ಇಲ್ಲದಿರುವುದು ಕಾರಣವಿರಬಹುದು. ಅರ್ಧ ಅಂಕ ಕಡಿತ."

ಮಕ್ಕಳು ಅವಳನ್ನು ಬೆನ್ನ ಹಿಂದೆ 'ಅರ್ಧ ಮಿಸ್' ಎನ್ನುತ್ತಿದ್ದರು. ಎಂಥ ಉತ್ತರಕ್ಕೂ ಪೂರ್ತಿ ಅಂಕ ಕೊಟ್ಟವಳಲ್ಲ. ಮನಸ್ಸು ಪೂರ್ತಿ ಕೊಟ್ಟು ಕೈಸುಟ್ಟುಕೊಂಡದ್ದು ಒಂದೇ ಸಲ. ವರ್ಷಗಟ್ಟಲೆ "ನೋಡೋಣ, ನೋಡೋಣ" ಎಂದು ಕಾಯಿಸಿದ ಒಬ್ಬರು ಕೊನೆಗೆ ಬೇರೆಯವರನ್ನು ಮದುವೆಯಾಗಿದ್ದರು. ಅಂದಿನಿಂದ ಎಲ್ಲದರಲ್ಲೂ ಒಂದರ್ಧ ಕೈಯಲ್ಲಿ ಉಳಿಸಿಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು.

ಮರುದಿನ ನೋಡಿದರೆ, ಲೆಕ್ಕದ ಅಂಕಣದಲ್ಲಿ ಉತ್ತರ: "ಹುಡುಗ ಚುರುಕು. ಆದರೆ ವಿಜ್ಞಾನದ ಮಿಸ್ ಕಾರಿಡಾರಿನಲ್ಲಿ ಹಾದುಹೋದರೆ ಮಗ್ಗಿ ಮರೆಯುತ್ತಾನೆ."

ಅವಳ ಕಿವಿ ಬಿಸಿಯಾಯಿತು. ಸುತ್ತ ನೋಡಿದಳು. ಸ್ಟಾಫ್ ರೂಮಿನ ಆ ಕೊನೆಯಲ್ಲಿ ಮೇಷ್ಟ್ರು ಭಾರಿ ಶ್ರದ್ಧೆಯಿಂದ ಪೆನ್ಸಿಲ್ ಹೆರೆಯುತ್ತಿದ್ದರು. ಪೆನ್ಸಿಲ್ ಅರ್ಧ ಮುಗಿದಿತ್ತು.

"ಮುಂದಿನ ಬೆಂಚಿಗೆ ಕೂರಿಸಿ, ಸರಿಹೋಗುತ್ತಾನೆ" ಎಂದು ಬರೆದಳು.

"ಕೂರಿಸಿದೆ. ಈಗ ತನ್ನ ಹೆಸರೂ ಮರೆತಿದ್ದಾನೆ."

ಹೀಗೆ ಸುಮ್ನೆ ಬೆಳೆದ. ವಾರಕ್ಕೊಂದು ಷರಾ ಅವಳದು, ಒಂದು ಅವರದು. ಎದುರು ಸಿಕ್ಕಾಗ ಮಾತ್ರ ಇಬ್ಬರೂ ಸಭ್ಯರು. "ಹಾಜರಿ ಹಾಕಿದ್ರಾ ಮಿಸ್?" "ಆಯ್ತು ಸರ್." ಆ 'ಸರ್' ಅನ್ನುವಾಗ ಅವಳ ತುಟಿಯ ಒಂದು ಮೂಲೆ ಹೇಳದೆ ಕೇಳದೆ ಮೇಲೇರುತ್ತಿತ್ತು. ಅವರು ಅದನ್ನೇ ಕಾಯುತ್ತಿದ್ದರು ಎಂಬುದು ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಭಾನುವಾರದ ಜಗಳವೂ ನಿಂತಿತ್ತು. ಅಮ್ಮ ಶುಕ್ರವಾರ ಸಂಜೆಯಾದರೆ ಫೋನ್ ಹಿಡಿದು ಮೂಲೆಯಲ್ಲಿ ಕೂತು ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಯಾವುದೋ ಧಾರಾವಾಹಿ ಇರಬೇಕೆಂದು ಅವಳು ಕೇಳಲು ಹೋಗಲಿಲ್ಲ.

ಆಮೇಲೆ ಒಂದು ದಿನ ಹೆಡ್‌ಮಿಸ್ ಸಭೆಯಲ್ಲಿ ಹೇಳಿದರು: ರಜೆಯಲ್ಲಿದ್ದ ಟೀಚರ್ ಮುಂದಿನ ತಿಂಗಳು ಬರುತ್ತಾರೆ. ಮೇಷ್ಟ್ರಿಗೆ ದೂರದ ಊರಿನಲ್ಲಿ ಖಾಯಂ ಕೆಲಸ ಸಿಕ್ಕಿದೆ, ಪೇರೆಂಟ್ಸ್ ಮೀಟಿಂಗ್ ಆದಮೇಲೆ ಉತ್ತರ ಕೊಡಬೇಕಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು.

ಆ ವಾರ ಸುಮ್ನೆಯ ಲೆಕ್ಕದ ಅಂಕಣದಲ್ಲಿ ಹೀಗಿತ್ತು: "ಹುಡುಗನಿಗೆ ಬೇರೆ ಶಾಲೆಯಲ್ಲಿ ಸೀಟು ಸಿಕ್ಕಿದೆ. ಹೋಗಲು ಮನಸ್ಸಿಲ್ಲ. ಇರು ಎಂದು ಯಾರಾದರೂ ಹೇಳಿದರೆ ಇರುತ್ತಾನೆ."

ಅವಳು ತನ್ನ ಅಂಕಣದಲ್ಲಿ ಬೆರಳಿಟ್ಟು ಕೂತಳು. 'ಇರು' ಎಂದು ಬರೆಯುವುದಕ್ಕೆ ಎರಡೇ ಅಕ್ಷರ. ಹೇಳಿದ ಮೇಲೆ ಅವರು "ನೋಡೋಣ" ಎಂದುಬಿಟ್ಟರೆ? ಕಂಪ್ಯೂಟರ್ ಮುಚ್ಚಿದಳು. ಅಂಕಣ ಖಾಲಿ ಉಳಿಯಿತು.

*

ಪೇರೆಂಟ್ಸ್ ಮೀಟಿಂಗಿನ ದಿನ ದೊಡ್ಡ ಹಾಲ್‌ನಲ್ಲಿ ಟೀಚರ್‌ಗಳಿಗೆ ಒಂದೊಂದು ಟೇಬಲ್. ಯಾವ ಪೋಷಕರು ಎಷ್ಟು ಹೊತ್ತಿಗೆ ಯಾರ ಬಳಿ ಬರಬೇಕೆಂದು ಗ್ರೇಡ್‌ಬುಕ್ಕೇ ಎಲ್ಲರ ಫೋನಿಗೂ ಮೆಸೇಜ್ ಕಳಿಸಿತ್ತು. ಲೆಕ್ಕದ ಮೇಷ್ಟ್ರ ಟೇಬಲ್ ಅವಳದರ ಪಕ್ಕದಲ್ಲೇ. ಇಬ್ಬರೂ ಬೆಳಗಿನಿಂದ ಒಬ್ಬರನ್ನೊಬ್ಬರು ನೋಡಿರಲಿಲ್ಲ, ಅಂದರೆ ಇನ್ನೊಬ್ಬರು ನೋಡದಿದ್ದಾಗ ಮಾತ್ರ ನೋಡಿದ್ದರು.

ಮಧ್ಯಾಹ್ನದ ಹೊತ್ತಿಗೆ, ಮದುವೆಮನೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು, ಕೈಚೀಲ ಹಿಡಿದು, ಅವಳ ಅಮ್ಮ ಒಳಗೆ ಬಂದರು. ಅವಳತ್ತ ತಿರುಗಿಯೂ ನೋಡದೆ ಮೇಷ್ಟ್ರ ಎದುರಿನ ಕುರ್ಚಿಯಲ್ಲಿ ಕೂತರು.

"ನಮಸ್ಕಾರ ಅಮ್ಮ. ಯಾವ ಮಗುವಿನ ಕಡೆಯವರು?"

ಅಮ್ಮ ಫೋನ್ ತೆಗೆದು ಮೆಸೇಜ್ ತೋರಿಸಿದರು. "ಅಭ್ಯಾಸದ ತರಗತಿ. ಸುಮ್ನೆ ಅಂತ ಒಬ್ಬ ಹುಡುಗ ಇದ್ದಾನಲ್ಲ, ಅವನ ಅಜ್ಜಿ ನಾನು. ಶಾಲೆಯವರೇ ಕರೆಸಿದ್ದಾರೆ."

ಮೇಷ್ಟ್ರ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಸೊನ್ನೆಗೂ ಖಾಲಿಗೂ ಇರುವ ಫರಕು ಊರಿಗೆಲ್ಲ ಕಲಿಸಿದ ಮನುಷ್ಯ, ಅಭ್ಯಾಸದ ತರಗತಿಯ ವಾರದ ವರದಿ ಪೋಷಕರಿಗೆ ಹೋಗದಂತೆ ತಡೆಯುವುದನ್ನು ಮರೆತಿದ್ದರು. ಪ್ರತಿ ಶುಕ್ರವಾರ ಸಂಜೆ, ಒಂದೂ ಬಿಡದೆ, ಎಲ್ಲ ಷರಾಗಳೂ ಅಮ್ಮನ ಫೋನಿಗೆ ಹೋಗಿದ್ದವು.

ಪಕ್ಕದ ಟೇಬಲ್‌ನಲ್ಲಿ ವಿಜ್ಞಾನದ ಮಿಸ್ ಯಾರದೋ ತಂದೆಗೆ ಅವರ ಮಗನ ಅಂಕ ಹೇಳುತ್ತಿದ್ದವಳು ನಡುವೆಯೇ ನಿಲ್ಲಿಸಿದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿಗೆ ಬೇರೆ ಕೆಲಸವಿತ್ತು.

"ಮೊದಮೊದಲು ರಾಂಗ್ ನಂಬರ್ ಅಂದ್ಕೊಂಡೆ" ಎಂದರು ಅಮ್ಮ ನಿಧಾನವಾಗಿ. "ಆಮೇಲೆ 'ಅರ್ಧ ಅಂಕ ಕಡಿತ' ಅಂತ ಓದಿದೆ ನೋಡಿ, ಈ ಜಿಪುಣತನ ನಮ್ಮನೆ ಸರಕು ಅಂತ ಗೊತ್ತಾಗೋಯ್ತು."

"ಅಮ್ಮಾ!" ಎಂದಳು ಅವಳು.

"ನೀನು ನಿನ್ನ ಕೆಲಸ ನೋಡ್ಕೋ. ನಾನು ಪೋಷಕಿಯಾಗಿ ಬಂದಿದ್ದೀನಿ." ಮತ್ತೆ ಮೇಷ್ಟ್ರತ್ತ ತಿರುಗಿ, "ಹುಡುಗನ ಬಗ್ಗೆ ನನಗೆ ಒಂದೇ ಚಿಂತೆ. ಈ ಸಲ ವಿಜ್ಞಾನದ ಕಡೆಯಿಂದ ಏನೂ ಬರಲಿಲ್ಲ, ಖಾಲಿ. ಅದನ್ನ ನೀವು ಸೊನ್ನೆ ಅಂತ ಓದ್ಕೊಂಡ್ರಾ?"

ಮೇಷ್ಟ್ರು ಕನ್ನಡಕ ಹಣೆಯಿಂದ ಇಳಿಸಿ ಸರಿಯಾಗಿ ಹಾಕಿಕೊಂಡರು. "ಇಲ್ಲ ಅಮ್ಮ. ಇನ್ನೂ ಬರೆದಿಲ್ಲ ಅಂತ ಓದ್ಕೊಂಡೆ. ಕಾಯ್ತಾ ಇದ್ದೀನಿ."

"ಎಲ್ಲಿವರೆಗೆ?"

"ಆ ಊರಿನವರಿಗೆ ಇವತ್ತು ಸಂಜೆ ಉತ್ತರ ಕೊಡಬೇಕು."

"ಅಷ್ಟು ಸಾಕು" ಎಂದು ಅಮ್ಮ ಎದ್ದರು. ಮಗಳ ಟೇಬಲ್ ದಾಟುವಾಗ ಬಾಗಿ, ಅವಳಿಗೆ ಮಾತ್ರ ಕೇಳುವಂತೆ ಹೇಳಿದರು: "ಹಿಂದೆ ಬಂದಿದ್ದವನು ನಿನ್ನನ್ನ ಕಾಯಿಸಿದ. ಇವರು ನಿನಗಾಗಿ ಕಾಯ್ತಿದ್ದಾರೆ. ವಿಜ್ಞಾನ ಓದಿದವಳು, ಫರಕು ನಿನಗೆ ತಿಳಿಯಲ್ವಾ?"

*

ಹಾಲ್ ಖಾಲಿಯಾದ ಮೇಲೆ ಮೇಷ್ಟ್ರು ಕಂಪ್ಯೂಟರ್ ರೂಮಿನಲ್ಲಿದ್ದರು. ಅವಳು ಬಾಗಿಲಲ್ಲಿ ನಿಂತಳು.

"ಹೆಡ್‌ಮಿಸ್‌ಗೆ ವಿಷಯ ಗೊತ್ತಾಯ್ತು. ಅಭ್ಯಾಸದ ತರಗತಿ ಇವತ್ತೇ ತೆಗೀಬೇಕಂತೆ" ಎಂದರು. ಕಿವಿಯ ತುದಿ ಕೆಂಪಾಗಿತ್ತು. "ಬೈತಾರೆ ಅಂದ್ಕೊಂಡೆ. ಎಲ್ಲಾ ಷರಾನೂ ಓದಿ, ಚೆನ್ನಾಗಿ ಬರೀತೀರಿ ಅಂದ್ರು."

"ಒಂದು ನಿಮಿಷ ಪಕ್ಕಕ್ಕೆ ಸರಿಯಿರಿ. ನನ್ನ ಅಂಕ ಬಾಕಿ ಇದೆ."

ಅವಳು ಕೂತು, ಸುಮ್ನೆಯ ಖಾಲಿ ಅಂಕಣದಲ್ಲಿ ಬರೆದಳು. ಹತ್ತಕ್ಕೆ ಹತ್ತು.

ಅವರು ಪರದೆಯನ್ನೇ ನೋಡಿದರು. "ಅರ್ಧ ಮರೆತಿರಿ ಮಿಸ್."

"ಮರೆತಿಲ್ಲ." ಅವಳು ಪರದೆ ಬಿಟ್ಟು ಅವರ ಕಡೆ ತಿರುಗಿದಳು. "ಷರಾ ಬರೆಯಲ್ಲ, ಬಾಯಲ್ಲೇ ಹೇಳ್ತೀನಿ. ಇರಿ. ನನಗೆ ನೀವು ಬೇಕು. ನೋಡೋಣ ಅಂತ ಮಾತ್ರ ಅನ್ನಬೇಡಿ."

"ನೋಡೋದೆಲ್ಲ ಮೊದಲ ದಿನವೇ ನೋಡಿ ಮುಗಿಸಿದ್ದೀನಿ" ಎಂದರು ಅವರು. "ಹಾರ ಹಾಕ್ಲಾ ಅಂದ್ರಲ್ಲ, ಆಗಲೇ."

ಅವಳು ನಕ್ಕಳು. ಆಮೇಲೆ, ಅದೇಕೋ, ಕಣ್ಣೊರೆಸಿಕೊಂಡಳು. "ಕೆಲಸ?"

"ಹೊಳೆ ಆಚೆಯ ಶಾಲೆಯಲ್ಲಿ ಲೆಕ್ಕಕ್ಕೆ ಜನ ಬೇಕಂತೆ. ಸಂಬಳ ಕಮ್ಮಿ, ಬಸ್ಸು ಎರಡು ಬದಲಾಯಿಸಬೇಕು. ಇಷ್ಟು ದಿನ ಹೋಗಿ ಕೇಳಿರಲಿಲ್ಲ. ಉಳಿಯೋಕೆ ಒಂದು ಕಾರಣ ಬೇಕಿತ್ತಲ್ಲ."

ಅಭ್ಯಾಸದ ತರಗತಿಯನ್ನು ಇಬ್ಬರೂ ಸೇರಿಯೇ ತೆಗೆದುಹಾಕಿದರು. ಮೌಸ್ ಮೇಲೆ ಅವರ ಕೈ ಇತ್ತು, ಅವರ ಕೈಯ ಮೇಲೆ ಅವಳದು. ತೋಳಿನ ಅಂಚಿನ ಚಾಕ್‌ಪುಡಿ ಅವಳ ಬೆರಳಿಗೆ ಅಂಟಿತು. ಅವಳು ಒರೆಸಿಕೊಳ್ಳಲಿಲ್ಲ.

ಇನ್ನು ಲೆಕ್ಕ. ದೂರದ ಊರಿನ ಖಾಯಂ ಕೆಲಸ ಹೋಯಿತು. ಸುಮ್ನೆ ಹೋದ, ಅವನ ಜೊತೆ ಅಷ್ಟೂ ಷರಾಗಳು ಹೋದವು. ಅಮ್ಮನ ಶುಕ್ರವಾರದ ಓದೂ ಹೋಯಿತು, ಅದಕ್ಕೆ ಅವರು ಇಂದಿಗೂ ಗೊಣಗುತ್ತಾರೆ. ಉಳಿದದ್ದು ಭಾನುವಾರಗಳು, ಅವನ್ನು ಜೊತೆಯಲ್ಲಿ ಕಳೆಯಲು ಒಬ್ಬರು.