ಎರಡನೇ ಗೇರಿನ ಇಳಿಜಾರು

"ಕೀ ಕೊಡಿ ಇಲ್ಲಿ!"

ಬರೀ ಕೇಳಿದ್ದರೆ ಧನುಶ್ರೀ ಸಹಿಸಿಕೊಳ್ಳುತ್ತಿದ್ದಳೇನೋ. ಅವನು ಕೈ ಚಾಚಿ ಕೀ ಕಿತ್ತುಕೊಂಡೇ ಬಿಟ್ಟ!

ಆಲೂರು ಬಸ್ ಸ್ಟ್ಯಾಂಡ್ ಹತ್ತಿರದ ಆ ಹಳೇ ಬೈಕಿನ ಅಂಗಡಿಯ ಮುಂದೆ ರಸ್ತೆ ಇಳಿಜಾರು. ಗುಡುಗುಡು ಅನ್ನುವ ದೊಡ್ಡ ಕಪ್ಪು ಬೈಕಿನ ಮೇಲೆ ಅವಳು ಕೂತಿದ್ದಳು. ಕಾಲ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಈಗಷ್ಟೇ ಗಾಡಿ ಎಡಕ್ಕೆ ವಾಲಿ, ಅಂಗಡಿಯವನು ಓಡಿ ಬಂದು ಹ್ಯಾಂಡಲ್ ಹಿಡಿದಿದ್ದ. ಇಲ್ಲದಿದ್ದರೆ ಗಾಡಿ ಕೆಳಗೆ ಅವಳಿರುತ್ತಿದ್ದಳು.

ಥ್ಯಾಂಕ್ಸ್ ಹೇಳೋಣ ಅಂತ ಬಾಯಿ ತೆರೆದಿದ್ದಳು. ಅಷ್ಟರಲ್ಲಿ...

"ಈ ಗಾಡಿ ನಿಮಗೆ ಕೊಡಲ್ಲ ಮೇಡಂ."

"ಯಾಕ್ರೀ? ಹುಡುಗಿ ಅಂತಾನಾ?"

"ಬೀಳ್ತೀರ ಅಂತ."

"ಬಿದ್ರೆ ನನ್ನ ಮಂಡಿ ತಾನೇ ಒಡೆಯೋದು? ನಿಮಗೇನು ನೋವು?"

"ಹಂಗಲ್ಲ ಕಣ್ರೀ... ಅಲ್ಲಿ ಸ್ಕೂಟರ್ ಐತೆ ನೋಡಿ. ಲೇಡೀಸ್‌ಗೆ ಅದೇ ಸರಿ."

ಲೇಡೀಸ್‌ಗೆ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಧನುಶ್ರೀ ಬೈಕಿನಿಂದ ಇಳಿದು, ದುಪಟ್ಟಾ ಕೊಡವಿ, ಅವನ ಮುಖ ನೋಡದೆ ನಡೆದುಬಿಟ್ಟಳು. ಅಂಗಡಿಯ ಬೋರ್ಡು ಮಾತ್ರ ಕಣ್ಣಿಗೆ ಬಿತ್ತು. 'ದೇವೇಂದ್ರ ಮೋಟಾರ್ಸ್'. ಹೆಸರಿಗೆ ದೇವೇಂದ್ರ, ಐರಾವತ ಬಿಟ್ಟು ಹಳೇ ಬೈಕ್ ಮಾರ್ತಾ ಕೂತಿದ್ದಾನೆ! ಅಂತ ಮನಸ್ಸಲ್ಲೇ ಬೈದುಕೊಂಡಳು.

ಬೈಕು ಅವಳಿಗೆ ಷೋಕಿಗೆ ಬೇಕಾಗಿರಲಿಲ್ಲ.

ಆಲೂರು ಪಕ್ಕದ ಪಾಳ್ಯದ ರಂಗಸ್ವಾಮಿಯ ಒಬ್ಬಳೇ ಮಗಳು ಅವಳು. ಘಾಟಿಯ ಮೇಲಿನ ಹೆತ್ತೂರು ಕಡೆಯ ಪಶು ಆಸ್ಪತ್ರೆಯಲ್ಲಿ ದನಗಳನ್ನು ನೋಡುವ ಪರೀಕ್ಷಕಿ. ಊರವರ ಬಾಯಲ್ಲಿ ಡಾಕ್ಟ್ರಮ್ಮ. ವಾರವೆಲ್ಲ ಹೆತ್ತೂರಿನ ಬಾಡಿಗೆ ರೂಮು, ರಜೆಗೆ ಪಾಳ್ಯ. ಸುತ್ತಲಿನ ಹಳ್ಳಿಗಳಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಕೆಲವು ವಾರದ ಹಿಂದೆ ಒಂದು ಸಲ ಸಿಗಲೇ ಇಲ್ಲ. ಜವರಪ್ಪ ಅನ್ನುವ ರೈತನ ಹಸು ಕರು ಹಾಕಲಾಗದೆ ಒದ್ದಾಡುತ್ತಿದೆ ಅಂತ ಸಂಜೆ ಫೋನ್ ಬಂದಾಗ ಕೊನೆಯ ಬಸ್ಸು ಹೋಗಿಯಾಗಿತ್ತು. ಕೈಕಾಲು ಹಿಡಿದು ಕೇಳಿದರೂ ಜೀಪು ಸಿಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದರೆ ಹಸುವೂ ಇಲ್ಲ, ಕರುವೂ ಇಲ್ಲ.

"ನೀವೇನ್ ಮಾಡ್ತೀರ ಬುಡವ್ವ, ಬಸ್ ಇರ್ನಿಲ್ಲ," ಅಂದಿದ್ದ ಜವರಪ್ಪ. ಅವನು ಬೈದಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ವಾರವೇ ಗಾಡಿ ಕಲಿಯಲು ಎಲ್‌ಎಲ್ ಲೈಸೆನ್ಸ್ ಮಾಡಿಸಿದಳು. ರಂಗಸ್ವಾಮಿಗೆ ಕೋಪ ನೆತ್ತಿಗೇರಿತು.

"ಗಂಡಸ್ರೇ ಜಾರಿ ಬೀಳೋ ರೋಡು ಕಣವ್ವ ಅದು! ದೀಪಾವಳಿ ಹೊತ್ಗೆ ಪೂರ್ತಿ ಲೈಸೆನ್ಸ್ ತಗೊಂಡು ಒಬ್ಳೇ ಆ ಹೆತ್ತೂರು ಘಾಟಿ ಹತ್ತಿ ಇಳಿದ್ರೆ ಸರಿ. ಇಲ್ದಿದ್ರೆ ಆಲೂರಿಗೆ ವರ್ಗ ಮಾಡುಸ್ಕೊಂಡು ತೆಪ್ಪಗೆ ಕುರ್ಚಿ ಮೇಲೆ ಕೂತ್ಕೋ."

"ಆಗ್ಲಪ್ಪ," ಅಂದಳು. ಅಷ್ಟೇ. ಅವಳು ಕಡಿಮೆ ಮಾತಾಡಿದಷ್ಟೂ ಹಟ ಜಾಸ್ತಿ ಅಂತ ತಾಯಿ ಮೀನಾಕ್ಷಮ್ಮನಿಗೆ ಗೊತ್ತಿತ್ತು.

*

ಮುಂದಿನ ಶನಿವಾರ ದೇವೇಂದ್ರ ಅಂಗಡಿ ಬಾಗಿಲು ತೆಗೆಯುವಾಗಲೇ ಒಂದು ಆಟೋ ಬಂದು ನಿಂತಿತು. ಅದರಿಂದ ಧನುಶ್ರೀ ಇಳಿದಳು. ಹಿಂದೆಯೇ ತುಂಬಿದ ಹಾಲಿನ ಕ್ಯಾನ್ ಒಂದು ಇಳಿಯಿತು.

"ಇದೇನ್ ಮೇಡಂ, ನನಗೆ ಅಭಿಷೇಕನಾ?"

"ನೀರು ಐತೆ ಇದರಲ್ಲಿ. ಹಸುಗಳಿಗೆ ಗರ್ಭದ ಇಂಜೆಕ್ಷನ್ ಮಾಡೋಕೆ, ಅದರ ಕಡ್ಡಿ ತಣ್ಣಗಿಡೋ ನೈಟ್ರೋಜನ್ ಕ್ಯಾನ್ ಒಯ್ಯಬೇಕು. ಹೆಚ್ಚುಕಮ್ಮಿ ಇಷ್ಟೇ ಭಾರ. ಓರೆ ಆದ್ರೆ ಚೆಲ್ಲತ್ತೆ. ಇದನ್ನ ಕಟ್ಟಿಕೊಂಡು ಏರು ಹತ್ತಬೇಕು, ಅರ್ಧದಲ್ಲಿ ನಿಲ್ಲಿಸಬೇಕು, ಕಾಲು ಊರಿ ಮತ್ತೆ ಹೊರಡಬೇಕು. ಯಾವ ಗಾಡಿ ಹೊರಡತ್ತೋ ಅದು ನನ್ನದು. ಲೇಡೀಸ್‌ದೋ ಜೆಂಟ್ಸ್‌ದೋ ಆಮೇಲೆ ನೋಡೋಣ."

ದೇವೇಂದ್ರ ಕೀ ಗೊಂಚಲು ತಂದ. ಎಲ್ ಬೋರ್ಡಿನವರ ಹಿಂದೆ ಲೈಸೆನ್ಸ್ ಇದ್ದವರು ಕೂರಲೇಬೇಕಲ್ಲ, ಅವನೇ ಹಿಂದೆ ಕೂತ.

ಕಪ್ಪು ಬೈಕನ್ನು ಅವಳು ಇನ್ನೊಮ್ಮೆ ಮುಟ್ಟಿ ನೋಡಿದಳು. ಆಸೆ ಇನ್ನೂ ಸತ್ತಿರಲಿಲ್ಲ. ಆದರೆ ಕಾಲೇ ಊರದ ಗಾಡಿ ಏರಿನಲ್ಲಿ ಕ್ಯಾನ್ ಸಮೇತ ವಾಲಿದರೆ ಎತ್ತುವವರು ಯಾರು? ಬಿಟ್ಟಳು. ಕೆಂಪು ಬೈಕೊಂದು ನೋಡಲು ಬಲು ಚೆಂದ. ಆದರೆ ಬಗ್ಗಿ ಕೂತರೆ ನಾಟಿ ಹಾಕಿದಷ್ಟು ಸೊಂಟ ನೋವು, ಕ್ಯಾನ್ ಕಟ್ಟಲು ಜಾಗವೇ ಇಲ್ಲ. ನೂರು ಸಿಸಿಯದು ಹಗುರವಾಗಿತ್ತು, ಏರಿನ ಅರ್ಧಕ್ಕೆ ಏದುಸಿರು ಬಿಟ್ಟು ಆಫ್ ಆಯಿತು. ಸ್ಕೂಟರ್ ಹತ್ತಿತು. ಆದರೆ ಅಂಗಡಿ ಹಿಂದಿನ ಕೆಸರಿನ ಗುಂಡಿಗೆ ಇಳಿಸಿದ ಕೂಡಲೇ ಅದರ ಪುಟ್ಟ ಚಕ್ರ ಅಲ್ಲೇ ಕೂತುಬಿಟ್ಟಿತು.

"ಅದೇನದು, ಗೋಣಿಚೀಲ ಹೊದ್ದುಕೊಂಡಿರೋದು?"

"ಅದಾ? ಹಾಲಿನವರೊಬ್ಬರು ಬಿಟ್ಟು ಹೋಗಿದ್ದು. ನೂರಿಪ್ಪತ್ತೈದು ಸಿಸಿ. ಯಾರೂ ಕೇಳಲ್ಲ ಅದನ್ನ. ಬೂದಿ ಬಣ್ಣ, ನೋಡೋಕೆ ಚೆನ್ನಾಗಿಲ್ಲ."

"ನಾನೇನು ಅದನ್ನ ಮದುವೆ ಆಗ್ತೀನಾ? ತೆಗೀರಿ."

ಎರಡೂ ಪಾದ ಪೂರ್ತಿ ನೆಲಕ್ಕೆ ಊರಿದವು. ಕ್ಯಾನ್ ತೂಗುಹಾಕಲು ಪಕ್ಕದಲ್ಲಿ ಕಬ್ಬಿಣದ ಕೊಕ್ಕೆ ಮೊದಲೇ ಇತ್ತು. ಅವಳು ಏರು ಹತ್ತಿದಳು, ಅರ್ಧಕ್ಕೆ ನಿಂತಳು, ಉಸಿರು ಬಿಗಿಹಿಡಿದು ಕ್ಲಚ್ ಬಿಟ್ಟಳು... ಗಾಡಿ ಹೊರಟಿತು!

ಮೇಲೆ ಹೋಗಿ ನಿಲ್ಲಿಸಿ ತಿರುಗಿ ನೋಡಿದಾಗ ಅವಳ ಕಣ್ಣಲ್ಲಿ ನೀರಿತ್ತು. ದೇವೇಂದ್ರನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

"ಕಪ್ಪು ಗಾಡಿ ವಿಷಯದಲ್ಲಿ ನೀವು ಹೇಳಿದ್ದು ಸರಿ," ಅಂದಳು.

"ಸ್ಕೂಟರ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪು," ಅಂದ ಅವನು. "ತಪ್ಪಾಯ್ತು ಕಣ್ರೀ."

ಹೀಗೆ ನೇರವಾಗಿ ತಪ್ಪಾಯ್ತು ಅನ್ನುವ ಗಂಡಸನ್ನು ಅವಳು ತಮ್ಮ ಮನೆಯಲ್ಲಿ ಕಂಡೇ ಇರಲಿಲ್ಲ.

*

ಆ ಬೂದಿ ಬೈಕನ್ನು ಅವಳು ಅವತ್ತೇ ಕೊಂಡುಕೊಂಡಳು. ಆಮೇಲೆ ಶನಿವಾರ, ಭಾನುವಾರಗಳೆಲ್ಲ ಅಭ್ಯಾಸ. ಅವಳು ಮುಂದೆ, ಅವನು ಹಿಂದೆ, ಪಕ್ಕದಲ್ಲಿ ನೀರಿನ ಕ್ಯಾನ್. ಅವನು ಹಿಂದಿನ ಕಂಬಿ ಹಿಡಿದು ಕೂರುತ್ತಿದ್ದ. ಒಮ್ಮೆಯೂ ಅವಳ ಭುಜ ಮುಟ್ಟಲಿಲ್ಲ. ಕಂಬಿ ಬಿಟ್ಟು ಭುಜ ಹಿಡಿದರೆ ಏನಾಗತ್ತೆ ಅಂತ ಅವಳಿಗೆ ಒಂದು ಸಲ ಅನ್ನಿಸಿ, ಮರುಕ್ಷಣವೇ ಗೇರ್ ತಪ್ಪಿತು!

ಒಂದು ಬೆಳಿಗ್ಗೆ ಉದ್ದನೆಯ ಇಳಿಜಾರು ಬಂತು. ಧನುಶ್ರೀ ಆರಾಮಾಗಿ ನ್ಯೂಟ್ರಲ್‌ಗೆ ಹಾಕಿ ಇಂಜಿನ್ ಬಂದ್ ಮಾಡಿದಳು. ಗಾಡಿ ಸದ್ದಿಲ್ಲದೆ ಜಾರತೊಡಗಿತು.

"ಏಯ್! ಆನ್ ಮಾಡ್ರೀ! ಗೇರ್ ಹಾಕ್ರೀ!" ಕಿವಿ ಹತ್ತಿರವೇ ಕಿರುಚಿದ.

ಹೇಗೋ ಬ್ರೇಕ್ ಹಾಕಿ ನಿಲ್ಲಿಸಿದಳು. "ಯಾಕ್ರೀ ಹಂಗ್ ಕಿರುಚ್ತೀರ? ನಮ್ಮಪ್ಪ ಹಿಂಗೇ ಇಳಿಸೋದು. ಇಳಿಜಾರಲ್ಲಿ ದೇವರೇ ತಳ್ತಾನೆ, ಪೆಟ್ರೋಲ್ ಯಾಕೆ ಸುಡಬೇಕು ಅಂತಾರೆ."

"ನಿಮ್ಮಪ್ಪ ಒಬ್ರೇ ಅಲ್ಲ, ನಮ್ಮ ಸೀಮೆಯೋರೆಲ್ಲ ಹಿಂಗೇ. ಬರೀ ಬ್ರೇಕ್ ಮೇಲೆ ಈ ಭಾರ ಎಷ್ಟು ದೂರ ನಿಲ್ತದೆ? ಎರಡನೇ ಗೇರಲ್ಲಿ ಇಳೀರಿ. ಇಂಜಿನ್ನೇ ಹಿಡ್ಕೊಳ್ತದೆ."

ಗಾಡಿ ನಿಂತಿದ್ದರೂ ಅವನು ಎರಡೂ ಕೈಯಲ್ಲಿ ಕಂಬಿಯನ್ನು ಬಿಗಿಯಾಗಿ ಹಿಡಿದೇ ಇದ್ದ. ತನಗಾಗಿ ಒಬ್ಬ ಇಷ್ಟು ಹೆದರಬಲ್ಲನೇ? ಅವಳ ಕೋಪ ಅಲ್ಲೇ ಕರಗಿತು. ಅದೇ ಇಳಿಜಾರನ್ನು ಅವತ್ತು ಎರಡನೇ ಗೇರಿನಲ್ಲಿ ಮತ್ತೆ ಮತ್ತೆ ಇಳಿದಳು.

ಆದರೆ ಮುಂದಿನ ಶುಕ್ರವಾರ ರಾತ್ರಿ ಪಾಳ್ಯದಲ್ಲಿ ಊಟಕ್ಕೆ ಕೂತಾಗ ರಂಗಸ್ವಾಮಿ ಬಾಂಬ್ ಹಾಕಿದ.

"ಆಲೂರಲ್ಲಿ ಆ ದೇವೇಂದ್ರ ಸಿಕ್ಕಿದ್ದ. ಅವನೇ ಅಂದ, ಆ ಘಾಟಿ ನಿನ್ ಕೈಲಾಗಲ್ಲ ಅಂತ. ಇನ್ನಾದ್ರೂ ವರ್ಗಕ್ಕೆ ಅರ್ಜಿ ಹಾಕು."

ಧನುಶ್ರೀ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದಳು. ಎದುರಿಗೆ ಶಭಾಷ್ ಅನ್ನೋದು, ಹಿಂದಿನಿಂದ ಅಪ್ಪನ ಹತ್ತಿರ ಕೈಲಾಗಲ್ಲ ಅನ್ನೋದು! ಅವನೂ ಎಲ್ಲರ ಹಾಗೇನಾ?

ಅವನ ಫೋನ್ ಬಂತು. ತೆಗೆಯಲಿಲ್ಲ. ಮತ್ತೆ ಬಂತು, ಮತ್ತೆ ತೆಗೆಯಲಿಲ್ಲ. ಅತ್ತಳು ನಿಜ. ಆದರೆ ಬೆಳಿಗ್ಗೆ ಎದ್ದು ಕಣ್ಣಿಗೆ ನೀರು ಚಿಮುಕಿಸಿಕೊಂಡು ಅಪ್ಪನ ಮುಂದೆ ಹೆಲ್ಮೆಟ್ ಹಿಡಿದು ನಿಂತಳು.

"ನಡಿಯಪ್ಪ, ಹಿಂದೆ ನೀನೇ ಕೂತ್ಕೋ. ಹೆತ್ತೂರಿಗೇ ಹೋಗೋಣ. ಕೈಲಾಗತ್ತೋ ಇಲ್ವೋ ನೀನೇ ನೋಡು."

"ತಲೆ ಕೆಟ್ಟೈತಾ ನಿಂಗೆ?"

"ಹೋಗ್ರೀ," ಅಂದಳು ಒಳಗಿನಿಂದ ಮೀನಾಕ್ಷಮ್ಮ. "ಮಗಳಿಗೆ ಹೆದರ್ಕಂಡ್ರು ಅಂತ ಊರೋರು ಅಂದಾರು."

ಅದರ ಮೇಲೆ ರಂಗಸ್ವಾಮಿಗೆ ಹೋಗದೆ ವಿಧಿಯಿರಲಿಲ್ಲ.

ಸಕಲೇಶಪುರ ದಾಟಿ ಮೇಲೆ ಹತ್ತುವವರೆಗೂ ಅಪ್ಪನ ಬಾಯಿ ನಿಲ್ಲಲಿಲ್ಲ. ಮಂಜು ಇನ್ನೂ ಎದ್ದಿರಲಿಲ್ಲ. ರಸ್ತೆ ಮೇಲೆ ಒದ್ದೆ ಎಲೆ. ಒಂದು ಕಡಿದಾದ ಇಳಿಜಾರು ಶುರುವಾಯಿತು.

"ಬಂದ್ ಮಾಡವ್ವ ಇಂಜಿನ್ನ."

"ಇಲ್ಲಪ್ಪ."

"ನಾನ್ ಹೇಳ್ತಾವ್ನಿ, ಬಂದ್ ಮಾಡು! ನೀ ಹುಟ್ಟೋಕ್ ಮುಂಚಿಂದ ಓಡುಸ್ತಾ ಇವ್ನಿ!"

"ಇಲ್ಲ ಅಂದ್ನಲ್ಲ!"

ಎರಡನೇ ಗೇರಿಗೆ ಹಾಕಿದಳು. ಇಂಜಿನ್ ಗುರ್ ಅಂತ ಗಾಡಿಯನ್ನು ಹಿಡಿದುಕೊಂಡಿತು. ತಿರುವು ದಾಟಿದರೆ... ರಸ್ತೆಗೆ ಅಡ್ಡಲಾಗಿ ಎಮ್ಮೆ ಹಿಂಡು!

ರಂಗಸ್ವಾಮಿ ಕಣ್ಣು ಮುಚ್ಚಿ "ಅಯ್ಯಯ್ಯೋ ರಂಗಪ್ಪ!" ಅಂದ.

ಕಣ್ಣು ಬಿಟ್ಟಾಗ ಬೈಕು ನಿಂತಿತ್ತು. ಮಗಳ ಎರಡೂ ಪಾದ ನೆಲದ ಮೇಲೆ ಗಟ್ಟಿಯಾಗಿ ಊರಿದ್ದವು. ಮೊದಲ ಎಮ್ಮೆ ಒಂದು ಮಾರು ದೂರದಲ್ಲಿ ಮೆಲುಕು ಹಾಕುತ್ತಾ ನಿಂತು ಇವರನ್ನೇ ನೋಡುತ್ತಿತ್ತು.

ಎಮ್ಮೆಗಳೆಲ್ಲ ದಾಟಿ ಹೋದವು. ಅವಳು ಕ್ಲಚ್ ಹಿಡಿದಾಗ ಹಿಂದಿನಿಂದ ಅಪ್ಪನ ಸಣ್ಣ ದನಿ ಬಂತು.

"ನಿಲ್ಲವ್ವ... ಒಂದ್ ಮಾತೈತೆ. ಆ ಹುಡ್ಗ ನಿನ್ ಕೈಲಾಗಲ್ಲ ಅನ್ನಲಿಲ್ಲ."

"ಮತ್ತೆ?"

"ಇಂಜಿನ್ ಬಂದ್ ಮಾಡಿ ಇಳ್ಸೋದು ಕಲ್ಸುಬುಟ್ಟಿದೀರ, ಅದನ್ನ ನೀವೇ ಬುಡ್ಸಿ ಸಾರ್, ಆಮೇಲೆ ನೋಡಿ, ಈ ಸೀಮೇಲಿ ನಿಮ್ ಮಗಳಷ್ಟು ಚೆಂದಾಗಿ ಯಾರೂ ಓಡ್ಸಲ್ಲ ಅಂದ. ನಾಲ್ಕ್ ಜನರ ಮುಂದೆ ನನಗೇ ತಪ್ಪು ಹೇಳ್ದ ಅಂತ ಸಿಟ್ಟು ಬಂತು. ಅದಕ್ಕೆ ನಾನು ತಿರುಚುಬುಟ್ಟೆ."

ಧನುಶ್ರೀಗೆ ಅಪ್ಪನ ಮೇಲೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದಕ್ಕಿಂತ ಮೊದಲು ಎದೆಯೊಳಗೆ ಹಗುರಾಯಿತು. ಅವನು ಹಾಗಂದಿರಲಿಲ್ಲ! ಅವನು ಹಾಗಂದೇ ಇರಲಿಲ್ಲ!

"ವರ್ಗದ ಅರ್ಜಿ?" ಅಂತ ಕೇಳಿದಳು.

"ಯಾವ ಅರ್ಜಿ? ನಡಿ ನಡಿ, ಹೆತ್ತೂರಲ್ಲಿ ಕಾಫಿ ಕುಡ್ಯಾನ. ಎರಡ್ನೇ ಗೇರಲ್ಲೇ ಹೋಗು."

*

ಟೆಸ್ಟ್ ಪಾಸಾಗಿ, ಲೈಸೆನ್ಸ್ ಕಾರ್ಡು ಅಂಚೆಯಲ್ಲಿ ಕೈಸೇರಿದಾಗ ದೀಪಾವಳಿ ಹತ್ತಿರ ಬಂದಿತ್ತು. ಅಲ್ಲಿಯವರೆಗೆ ಹಿಂದೆ ಅಪ್ಪನೇ ಕೂರುತ್ತಿದ್ದ; ಒಬ್ಬಳೇ ಓಡಿಸಿಕೊಂಡು ಹೋಗಿಯೇ ದೇವೇಂದ್ರನ ಮುಂದೆ ನಿಲ್ಲಬೇಕು ಅನ್ನುವುದು ಅವಳ ಹಟ. ಎಲ್ ಬೋರ್ಡು ಕಿತ್ತು ಹಾಕಿ, ಮೊದಲ ಸಲ ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಧನುಶ್ರೀ ಪಾಳ್ಯದಿಂದ ಹೊರಟಳು. ಹೆತ್ತೂರು ದಾರಿ ಹಿಡಿಯುವ ಮುಂಚೆ ಆಲೂರಿನ ಆ ಇಳಿಜಾರಿಗೆ ಬಂದಳು.

ದೇವೇಂದ್ರ ಯಾವುದೋ ಬೈಕಿನ ಚೈನು ಬಿಚ್ಚುತ್ತಿದ್ದ. ಸದ್ದು ಕೇಳಿಯೇ ತಲೆಯೆತ್ತಿದ. ಮುಖದಲ್ಲಿ ಸಂತೋಷ ಬಂದು, ಅದನ್ನು ಒಳಗೆ ತಳ್ಳಿಕೊಂಡದ್ದು ಅವಳಿಗೆ ಕಾಣಿಸಿತು.

"ಏನ್ ಮೇಡಂ, ಗಾಡಿ ತೊಂದ್ರೆ ಕೊಡ್ತಾ?"

"ಗಾಡಿ ಕೊಡಲಿಲ್ಲ. ನಾನು ಕೊಟ್ಟೆ." ಅವಳು ಹೆಲ್ಮೆಟ್ ತೆಗೆದಳು. "ನನ್ನ ಕೈಲಾಗಲ್ಲ ಅಂತ ನೀವು ಅಂದ್ರಿ ಅಂತ ಅಪ್ಪ ಹೇಳಿದ್ದನ್ನ ನಂಬಿಬಿಟ್ಟೆ. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು... ಕೇಳಲಿಲ್ಲ. ತಪ್ಪಾಯ್ತು ದೇವೇಂದ್ರ."

ಅವನು ಮಸಿ ಕೈಯನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ. ಮಸಿ ಯಾವಾಗಲೋ ಹೋಗಿತ್ತು.

"ಪ್ರತಿ ಶನಿವಾರ ಬೆಳಿಗ್ಗೇನೇ ಬಾಗಿಲು ತೆಗೀತಿದ್ದೆ ಕಣ್ರೀ," ಅಂದ ಕೊನೆಗೆ. "ಗಿರಾಕಿ ಯಾರೂ ಬರಲ್ಲ ಆ ಹೊತ್ತಿಗೆ ಅಂತ ಗೊತ್ತಿದ್ರೂ... ನೀವು ಬಂದ್ರೆ ಬಾಗಿಲು ಹಾಕಿರಬಾರದು ಅಂತ."

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಹೆತ್ತೂರಿನಾಚೆಯ ಹಳ್ಳಿಯೊಂದರಿಂದ ಕರೆ. ಚೊಚ್ಚಲು ಹಸು, ಬೆಳಗಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ.

"ಬಂದೆ. ಹೊರಟೇ ಬಿಟ್ಟೆ," ಅಂದಳು.

"ನಾನೂ ಬರಲಾ?" ಅವನು ಆಗಲೇ ಹೆಲ್ಮೆಟ್‌ಗೆ ಕೈ ಹಾಕಿದ್ದ.

ಬೇಡ ಅನ್ನುವುದು ಅವಳಿಗೆ ಎಷ್ಟು ಕಷ್ಟವಾಯಿತೋ ಅವಳಿಗೇ ಗೊತ್ತು. "ಇವತ್ತು ಬೇಡ. ಇವತ್ತು ನಾನೊಬ್ಬಳೇ ಹೋಗಬೇಕು."

ಅವನು ತಲೆಯಾಡಿಸಿದ. ಕ್ಯಾನಿನ ಕೊಕ್ಕೆ ಬಿಗಿಯಾಗಿದೆಯಾ ಅಂತ ನೋಡಿ ದೂರ ಸರಿದ. "ಇನ್ನು ನಿಮ್ಮ ಹಿಂದೆ ಯಾರೂ ಕೂರಬೇಕಾಗಿಲ್ಲ ಬಿಡಿ."

"ಕೂರಬೇಕಾಗಿಲ್ಲ, ಗೊತ್ತು." ಅವಳು ಸ್ಟಾರ್ಟ್ ಮಾಡಿದಳು. ಕೆನ್ನೆ ಕೆಂಪಗಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಆದ್ರೂ ನೀವು ಕೂತ್ಕೋಬೇಕು ಅಂತ ನನಗೆ ಆಸೆ. ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ, ಪಾಳ್ಯಕ್ಕೆ. ಅಪ್ಪನ ಹತ್ರ ಮಾತಾಡ್ಬೇಕು."

"ಗಾಡಿ ವಿಷಯನಾ?"

"ಗಾಡಿ ತಗೊಂಡಾಯ್ತಲ್ಲ!"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಆ ದೊಡ್ಡ ಆಸಾಮಿ ಪಕ್ಕದ ಬೈಕಿನ ಸೀಟು ಹಿಡಿದುಕೊಂಡು ನಿಂತ.

"ಧನು... ಜೀವನ ಪೂರ್ತಿ ಹಿಂದಿನ ಸೀಟೇನಾ ನನಗೆ?"

"ಏರಿನಲ್ಲಿ ನೀವು ಓಡಿಸಿ. ಇಳಿಜಾರು ನನ್ನದು."

"ಇಳಿಜಾರಲ್ಲಿ ಹೆದರಿ ಕಿರುಚ್ತೀನಿ ಕಣ್ರೀ. ಆ ಅಭ್ಯಾಸ ಹೋಗಲ್ಲ."

ಧನುಶ್ರೀ ಹೆಲ್ಮೆಟ್ ಹಾಕಿಕೊಂಡು ಎರಡನೇ ಗೇರಿಗೆ ಬಂದಿದ್ದಳು. ರಸ್ತೆ ಇಳಿಯುತ್ತಲೇ ಕೂಗಿ ಹೇಳಿದಳು:

"ಕಿರುಚಿ! ನಾನು ನಿಲ್ಲಿಸ್ತೀನಿ!"